ಅಲ್ಟ್ರಾಸಾನಿಕ್ ಸೆನ್ಸರ್, ಟೈಮರ್1: ಏನೂ ಇಲ್ಲದ ಕಡೆ 90 ಸೆಂ.ಮೀ. ಎಂದು ತೋರಿಸುತ್ತಿದೆ

ತೊಟ್ಟಿಮಾಪಕ

ಎಲ್ಲರಿಗೂ ನಮಸ್ಕಾರ. ನೀರಿನ ತೊಟ್ಟಿಯ ಮಟ್ಟ ತಿಳಿಯಲು, ಧ್ವನಿ ಹೊರಡಿಸಿ ಪ್ರತಿಧ್ವನಿಯಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರನ್ನು ಮುಚ್ಚಳದ ಒಳಬದಿಗೆ ಕೆಳಮುಖವಾಗಿ ಕೂರಿಸಿದ್ದೇನೆ. ಆರ್ಡುಯಿನೋ ಊನೋ ಬೋರ್ಡು, ಎಟಿಮೆಗಾ328ಪಿ ಚಿಪ್ಪು, 16 ಮೆಗಾಹರ್ಟ್ಸ್. ಮೊದಲು ಪಲ್ಸ್‌ಇನ್ ಎಂಬ, ಪಲ್ಸಿನ ಅಗಲ ಅಳೆಯುವ ಫಂಕ್ಷನ್ ಬಳಸುತ್ತಿದ್ದೆ. ಎಕೋ ಪಿನ್ (ಧ್ವನಿ ಹೋಗಿಬರುವಷ್ಟು ಹೊತ್ತು ಮೇಲೇರಿರುವ ಸೆನ್ಸರಿನ ಪಿನ್) ಇಳಿಯುವವರೆಗೆ ಅದು ಬೇರೇನನ್ನೂ ಮಾಡಲು ಬಿಡುವುದಿಲ್ಲ. ಪಂಪಿನ ರಿಲೇ, ಪರದೆ, ಗುಂಡಿಗಳು ಎಲ್ಲವೂ ಅದಕ್ಕಾಗಿ ಕಾದು ಕೂರಬೇಕು. ಹಾಗಾಗಿ ಚಿಪ್ಪಿನೊಳಗೆ ಕಾಲ ಎಣಿಸುವ 16 ಬಿಟ್ಟಿನ ಟೈಮರ್1ರ ಇನ್‌ಪುಟ್ ಕ್ಯಾಪ್ಚರ್ ವಿಧಾನಕ್ಕೆ ಬಂದಿದ್ದೇನೆ.

ಗಡಿಯಾರದ ಬಡಿತವನ್ನು ಭಾಗಿಸುವ ಪ್ರಿಸ್ಕೇಲರ್ 8 ಇಟ್ಟಿದ್ದೇನೆ, ಅಂದರೆ ಒಂದು ಎಣಿಕೆಗೆ ಅರ್ಧ ಮೈಕ್ರೋಸೆಕೆಂಡು. ಎಕೋ ಪಿನ್ ಮೇಲೇರಿದಾಗ, ಆ ಕ್ಷಣದ ಎಣಿಕೆ ಸಿಗುವ ಐಸಿಆರ್1 ರಿಜಿಸ್ಟರಿನ ಬೆಲೆಯನ್ನು ತೆಗೆದಿಡುತ್ತೇನೆ, ಕೆಳಗಿಳಿದಾಗ ಮತ್ತೆ ಓದಿ ಕಳೆಯುತ್ತೇನೆ. ಚಿಹ್ನೆಯಿಲ್ಲದ 16 ಬಿಟ್ ಸಂಖ್ಯೆಗಳಾದ್ದರಿಂದ ನಡುವೆ ಟೈಮರ್ ಒಮ್ಮೆ ಸೊನ್ನೆಗೆ ಮರಳಿದರೂ ವ್ಯತ್ಯಾಸ ಸರಿಯಾಗಿಯೇ ಬರುತ್ತದೆ. ಧ್ವನಿ ಒಂದು ಸೆಂ.ಮೀ. ದೂರ ಹೋಗಿಬರಲು 58 ಮೈಕ್ರೋಸೆಕೆಂಡು, ಅಂದರೆ 116 ಎಣಿಕೆ; ಹಾಗಾಗಿ ವ್ಯತ್ಯಾಸವನ್ನು 116ರಿಂದ ಭಾಗಿಸಿದರೆ ಸೆಂಟಿಮೀಟರ್.

ತೊಂದರೆ ಎರಡು. ನೀರು 140 ಸೆಂ.ಮೀ. ಕೆಳಗಿರುವಾಗ ಪಂಪ್ ಚಾಲೂ ಮಾಡಿದರೆ ನಡುನಡುವೆ 90 ಎಂದು ತೋರಿಸುತ್ತದೆ. ಆ ಎತ್ತರದಲ್ಲಿ ಕೊಳವೆ, ಸರಳು, ಅಂಚುಪಟ್ಟಿ ಯಾವುದೂ ಇಲ್ಲ. ಇನ್ನೊಂದು, ನೀರು ಅಲುಗಾಡದೆ ನಿಂತಿರುವಾಗಲೂ ಅಳತೆ ಸುಮಾರು 4 ಮಿ.ಮೀ. ಹಿಂದೆ ಮುಂದೆ ಜಿಗಿಯುತ್ತದೆ. ಅರ್ಧ ಮೈಕ್ರೋಸೆಕೆಂಡು ಎಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ದೂರವಲ್ಲವೇ? ಈ 4 ಮಿ.ಮೀ. ಎಲ್ಲಿಂದ ಬಂತು? ಪ್ರಿಸ್ಕೇಲರನ್ನು 1ಕ್ಕೆ ಇಳಿಸಿ ಇನ್ನಷ್ಟು ಸೂಕ್ಷ್ಮ ಮಾಡಬೇಕೇ?

ಹೊಸಚಿಗುರು

ನಡುವೆ ಒಂದು ಪ್ರಶ್ನೆ ಕೇಳುತ್ತೇನೆ, ಕ್ಷಮಿಸಿ. ಎಕೋ ಪಿನ್ನಿಗೆ ಸಾಮಾನ್ಯ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ಓಡುವ ತುಣುಕು) ಹಾಕಿ, ಅದರೊಳಗೆ ಸಮಯ ಹೇಳುವ ಮೈಕ್ರೋಸ್ ಫಂಕ್ಷನ್ ಕರೆದರೆ ಸಾಲದೇ? ಇನ್‌ಪುಟ್ ಕ್ಯಾಪ್ಚರ್‌ನಿಂದ ಸಿಗುವ ಹೆಚ್ಚಿನ ಲಾಭ ಏನು?

ಸ್ಫಟಿಕ16

ಹೊಸಚಿಗುರು ಅವರೇ, ಕೇಳಿದ್ದು ಒಳ್ಳೆಯದಾಯಿತು. ಸಾಮಾನ್ಯ ಇಂಟರಪ್ಟಿನಲ್ಲಿ ಪಿನ್ ಬದಲಾದ ಕ್ಷಣಕ್ಕೂ ನೀವು ಸಮಯವನ್ನು ಓದುವ ಕ್ಷಣಕ್ಕೂ ನಡುವೆ ಅಂತರವಿದೆ. ಆಗ ಬೇರೊಂದು ಇಂಟರಪ್ಟ್ ನಡೆಯುತ್ತಿದ್ದರೆ ಅದು ಮುಗಿಯುವವರೆಗೂ ನಿಮ್ಮ ಸರದಿ ಬಾರದು. ಆ ಕಾಯುವಿಕೆ ಪ್ರತಿ ಸಲವೂ ಒಂದೇ ಸಮನಾಗಿ ಇರುವುದಿಲ್ಲ ಎನ್ನುವುದೇ ನಿಜವಾದ ತಲೆನೋವು. ಮೇಲಾಗಿ 16 ಮೆಗಾಹರ್ಟ್ಸ್ ಬೋರ್ಡಿನಲ್ಲಿ ಮೈಕ್ರೋಸ್ 4 ಮೈಕ್ರೋಸೆಕೆಂಡಿನ ಮೆಟ್ಟಿಲುಗಳಲ್ಲಿ ಮಾತ್ರ ಏರುತ್ತದೆ.

ಇನ್‌ಪುಟ್ ಕ್ಯಾಪ್ಚರ್ ಓಟದ ಕೊನೆಯ ಗೆರೆಯಲ್ಲಿಟ್ಟ ಕ್ಯಾಮೆರಾದಂತೆ. ಪಿನ್ ಬದಲಾದ ಕೂಡಲೇ ಟೈಮರಿನ ಎಣಿಕೆಯನ್ನು ಹಾರ್ಡ್‌ವೇರೇ ಐಸಿಆರ್1ಕ್ಕೆ ನಕಲು ಮಾಡಿಕೊಳ್ಳುತ್ತದೆ. ನಿಮ್ಮ ಪ್ರೋಗ್ರಾಮ್ ತಡವಾಗಿ ಬಂದು ಓದಿದರೂ ಅಲ್ಲಿರುವುದು ಆ ಕ್ಷಣದ ಸಂಖ್ಯೆಯೇ. ಊನೋದಲ್ಲಿ ಈ ಸೌಲಭ್ಯ ಇರುವುದು 8ನೇ ಪಿನ್ನಿಗೆ ಮಾತ್ರ.

ಪಲ್ಸ್‌ಇನ್ ಬಗ್ಗೆಯೂ ಒಂದು ಮಾತು. ಎಟಿಮೆಗಾ328ಪಿಯಂತಹ ಎವಿಆರ್ ಚಿಪ್ಪುಗಳಲ್ಲಿ ಅದು ಒಂದು ಲೂಪಿನ ಸುತ್ತುಗಳನ್ನು ಎಣಿಸಿ ಕಾಲವನ್ನು ಅಂದಾಜು ಮಾಡುತ್ತದೆ. ಟೈಮರ್0ರ ಇಂಟರಪ್ಟ್ ಪ್ರತಿ 1.024 ಮಿಲಿಸೆಕೆಂಡಿಗೊಮ್ಮೆ ಬಂದು ಒಂದಷ್ಟು ಹೊತ್ತು ಕಸಿದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಲೂಪ್ ಸುತ್ತುವುದಿಲ್ಲ, ಹಾಗಾಗಿ ಅದು ಲೆಕ್ಕಕ್ಕೂ ಸಿಗುವುದಿಲ್ಲ. ಉದ್ದದ ಪಲ್ಸುಗಳು ಸ್ವಲ್ಪ ಗಿಡ್ಡವಾಗಿ ಕಾಣುವುದು ಇದರಿಂದಲೇ. ತೊಟ್ಟಿಮಾಪಕ ಅವರು ಅದನ್ನು ಕೈಬಿಟ್ಟದ್ದು ಸರಿಯಾದ ನಿರ್ಧಾರ.

ಕ್ಯಾಪ್ಚರ್ ಇಂಟರಪ್ಟಿನೊಳಗೆ ಕೆಲಸದ ಕ್ರಮ ಮುಖ್ಯ. ಮೊದಲು ಐಸಿಆರ್1 ಓದಬೇಕು. ನಂತರ ಟಿಸಿಸಿಆರ್1ಬಿಯಲ್ಲಿರುವ ಐಸಿಇಎಸ್1 ಬಿಟ್ಟನ್ನು ತಿರುಗಿಸಿ ಮುಂದಿನ ಅಂಚಿಗೆ (ಪಿನ್ ಏರುವ ಇಲ್ಲವೇ ಇಳಿಯುವ ಕ್ಷಣಕ್ಕೆ) ಅಣಿಯಾಗಬೇಕು. ಅಂಚು ಬದಲಿಸಿದ ಮೇಲೆ, ಕ್ಯಾಪ್ಚರ್ ಆಯಿತೆಂದು ಸೂಚಿಸುವ ಐಸಿಎಫ್1 ಫ್ಲ್ಯಾಗಿಗೆ 1 ಬರೆದು ಅದನ್ನು ಅಳಿಸಬೇಕು. ಈ ಕೊನೆಯ ಹೆಜ್ಜೆಯನ್ನು ಬಿಟ್ಟರೆ ಅಂಚು ಬದಲಿಸಿದ್ದರಿಂದಲೇ ಎದ್ದ ಸುಳ್ಳು ಫ್ಲ್ಯಾಗ್ ನಿಮ್ಮನ್ನು ಇನ್ನೊಮ್ಮೆ ಕರೆಯಬಹುದು.

ತೊಟ್ಟಿಮಾಪಕ ಅವರೇ, ಸೆಂಟಿಮೀಟರಿಗೆ ತಿರುಗಿಸುವ ಮೊದಲಿನ ಹಸಿ ಎಣಿಕೆಗಳನ್ನು ಇಲ್ಲಿ ಹಾಕಿ. 90 ಬಂದಾಗಿನವು ಬೇಕು, ನಿಂತ ನೀರಿನವೂ ಬೇಕು. ಭಾಗಾಕಾರ ಆದ ಮೇಲಿನ ಅಂಕಿ ಎಷ್ಟೋ ವಿಷಯಗಳನ್ನು ಮುಚ್ಚಿಹಾಕುತ್ತದೆ.

ಮೂವತ್ತೆರಡುಬಿಟ್

ಪಂಪ್ ಚಾಲೂ ಆದಾಗ ಮಾತ್ರ ಬರುತ್ತದೆ ಎಂದರೆ ನನ್ನ ಅನುಮಾನ ವಿದ್ಯುತ್ ಗದ್ದಲದ ಮೇಲೆ. ಮೋಟರು, ರಿಲೇ ಸುರುಳಿ ಎರಡೂ 5 ವೋಲ್ಟ್ ಸಾಲನ್ನು ಅಲುಗಾಡಿಸುತ್ತವೆ. ಸೆನ್ಸರಿನ ಕಾಲುಗಳ ಹತ್ತಿರವೇ ಒಂದು ಕೆಪಾಸಿಟರ್ ಹಾಕಿ. ರಿಲೇ ಸುರುಳಿಗೆ ಅಡ್ಡಲಾಗಿ ಡಯೋಡ್ ಇದೆಯೇ ನೋಡಿ. ಟೈಮರ್1ರಲ್ಲಿ ಐಸಿಎನ್‌ಸಿ1 ಎಂಬ ಗದ್ದಲ ನಿವಾರಕ ಬಿಟ್ ಇದೆ. ಅದನ್ನು ಹಾಕಿದರೆ ಸತತ ನಾಲ್ಕು ಮಾದರಿಗಳು ಒಂದೇ ಆಗಿದ್ದರೆ ಮಾತ್ರ ಅಂಚು ಎಂದು ಒಪ್ಪಿಕೊಳ್ಳುತ್ತದೆ. ಅದಕ್ಕೆ ತೆರುವ ಬೆಲೆ ನಾಲ್ಕು ಗಡಿಯಾರ ಬಡಿತಗಳ ವಿಳಂಬ ಅಷ್ಟೇ. ಎರಡೂ ಅಂಚುಗಳಿಗೆ ಅದು ಸಮನಾಗಿರುವುದರಿಂದ ಕಳೆದಾಗ ಹೊರಟುಹೋಗುತ್ತದೆ.

ತೊಟ್ಟಿಮಾಪಕ

ಕೆಪಾಸಿಟರ್, ಡಯೋಡ್ ಎರಡೂ ಇವೆ. ಐಸಿಎನ್‌ಸಿ1 ಹಾಕಿ ನೋಡಿದೆ, 90 ಹೋಗಲಿಲ್ಲ. ಹಸಿ ಎಣಿಕೆಗಳು ಹೀಗಿವೆ.

ಪಂಪ್ ಓಡುವಾಗ: 16241, 16290, 10452, 16238, 10470, 16287, 10461.

ನಿಂತ ನೀರು: 16238, 16239, 16288, 16238, 16289, 16288, 16239.

ಸ್ಫಟಿಕ16

ಸಿಕ್ಕಿತು. 10452, 10470, 10461 ಈ ಮೂರನ್ನೂ ನೋಡಿ. ಗದ್ದಲದಿಂದ ಬಂದ ಅಂಕಿಗಳಾಗಿದ್ದರೆ ಒಂದು 300, ಒಂದು 7000, ಒಂದು 14000 ಎಂದು ಚೆಲ್ಲಾಪಿಲ್ಲಿಯಾಗಿರುತ್ತಿದ್ದವು. ಇವು ಒಂದೇ ಕಡೆ ಒತ್ತೊತ್ತಾಗಿ ನಿಂತಿವೆ. ಹಾಗೆ ನಿಲ್ಲುವ ತಪ್ಪಿಗೆ ಒಂದು ನಿಯಮ ಇದ್ದೇ ಇರುತ್ತದೆ.

ಈಗ ಅವುಗಳಿಗೆ 65536 ಸೇರಿಸಿ. 75988, 76006, 75997 ಆಗುತ್ತವೆ. ಎರಡರಿಂದ ಭಾಗಿಸಿದರೆ ಹೆಚ್ಚುಕಡಿಮೆ 38000 ಮೈಕ್ರೋಸೆಕೆಂಡು, ಅಂದರೆ 38 ಮಿಲಿಸೆಕೆಂಡು. ಈ ಅಂಕಿಯ ಪರಿಚಯ ನಿಮಗೆ ಇರಬೇಕು. ಎಚ್‌ಸಿ-ಎಸ್‌ಆರ್04ಕ್ಕೆ ಪ್ರತಿಧ್ವನಿ ಸಿಗದೇ ಹೋದರೆ ಎಕೋ ಪಿನ್ನನ್ನು ಸುಮಾರು 38 ಮಿಲಿಸೆಕೆಂಡು ಎತ್ತಿ ಹಿಡಿದು ಆಮೇಲೆ ಬಿಡುತ್ತದೆ. "ನನಗೇನೂ ಕೇಳಿಸಲಿಲ್ಲ" ಎಂದು ಅದು ಹೇಳುವ ರೀತಿ ಅದು.

ಪ್ರಿಸ್ಕೇಲರ್ 8ರಲ್ಲಿ ನಿಮ್ಮ 16 ಬಿಟ್ ಟೈಮರ್ 32.768 ಮಿಲಿಸೆಕೆಂಡಿಗೆ ಒಂದು ಪೂರ್ತಿ ಸುತ್ತು ಮುಗಿಸುತ್ತದೆ. 4 ಮೀಟರ್ ದೂರದ ಎಕೋಗೂ ಸುಮಾರು 23 ಮಿಲಿಸೆಕೆಂಡು ಸಾಕು. ಆದ್ದರಿಂದ ನಿಜವಾದ ಯಾವ ಅಳತೆಯೂ ಸುತ್ತನ್ನು ಮೀರುವುದಿಲ್ಲ, ನಿಮ್ಮ ಕಳೆಯುವ ಲೆಕ್ಕ ಅಲ್ಲಿಯವರೆಗೆ ಸರಿ. ಮೀರುವುದು ಈ ಖಾಲಿ ಉತ್ತರ ಮಾತ್ರ. ಒಂದು ಸುತ್ತು ಕಳೆದುಹೋಗಿ 5.23 ಮಿಲಿಸೆಕೆಂಡು ಉಳಿಯುತ್ತದೆ. 58ರಿಂದ ಭಾಗಿಸಿ: 90.2 ಸೆಂ.ಮೀ.

ಈ ಸೆನ್ಸರಿನ ನಕಲು ಮಾಡ್ಯೂಲುಗಳು ಬಹಳ. ಕೆಲವು 38ಕ್ಕೆ ಬಿಡುತ್ತವೆ, ಕೆಲವು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಬೇರೆಯವರಿಗೆ ಈ ಭೂತ ಬೇರೆ ಅಂಕಿಯಲ್ಲಿ ಕಾಣಿಸಬಹುದು. ಇದೇ ತೊಂದರೆ ಇರುವ ಯಾರಾದರೂ ಈ ಎಳೆಗೆ ಬಂದರೆ 90ನ್ನು ಹುಡುಕಬೇಡಿ, ಒಂದು ಸುತ್ತು ಸೇರಿಸಿ ನೋಡಿ.

ಅಲೆಯುದ್ದ

ಪಂಪ್ ಓಡುವಾಗ ಮಾತ್ರ ಏಕೆ ಎನ್ನುವ ಪ್ರಶ್ನೆ ಉಳಿಯಿತು. 40 ಕಿಲೋಹರ್ಟ್ಸ್ ಧ್ವನಿಯ ಅಲೆಯುದ್ದ ಗಾಳಿಯಲ್ಲಿ ಸುಮಾರು 8.6 ಮಿ.ಮೀ. ನಿಂತ ನೀರಿನ ಮೇಲ್ಮೈ ಅದಕ್ಕೆ ನುಣುಪಾದ ಕನ್ನಡಿ. ನೇರವಾಗಿ ಬಿದ್ದದ್ದು ನೇರವಾಗಿ ವಾಪಸು ಬರುತ್ತದೆ. ಮೇಲಿನಿಂದ ನೀರು ಸುರಿಯತೊಡಗಿದರೆ ಮೇಲ್ಮೈ ಅಲ್ಲಲ್ಲಿ ವಾಲುತ್ತದೆ, ಪ್ರತಿಧ್ವನಿ ಓರೆಯಾಗಿ ಬೇರೆಡೆಗೆ ಹಾರುತ್ತದೆ. ಸೆನ್ಸರಿಗೆ ಮರಳುವುದು ಅಳಿದುಳಿದ ಚೂರು, ಕೆಲವೊಮ್ಮೆ ಅದೂ ಇಲ್ಲ.

ಸೆನ್ಸರನ್ನು ನೀರು ಬೀಳುವ ಜಾಗದಿಂದ ಆದಷ್ಟು ದೂರ ಸರಿಸಿ. ಆದರೆ ಗೋಡೆಗೆ ತೀರಾ ಒತ್ತಿಡಬೇಡಿ, ಕೋನದಂತೆ ಹರಡುವ ಧ್ವನಿ ಗೋಡೆಯ ಉಬ್ಬುಗಳನ್ನೂ ತಡವುತ್ತದೆ. ಮುಖ ನೀರಿಗೆ ಸರಿಯಾಗಿ ಸಮಾನಾಂತರವಾಗಿರಲಿ. ನಾಲ್ಕೈದು ಡಿಗ್ರಿ ವಾಲಿದರೂ ದೂರ ಹೆಚ್ಚಾದಂತೆ ಎಕೋ ಸೊರಗುತ್ತದೆ.

ಇನ್ನೊಂದು ವಿಷಯ. ಎಚ್‌ಸಿ-ಎಸ್‌ಆರ್04ರ ಎರಡು ಕಣ್ಣುಗಳೂ ಜಾಲರಿಯ ಮುಖದವು, ತೇವಕ್ಕೆ ಒಗ್ಗುವಂಥವಲ್ಲ. ತೊಟ್ಟಿಯೊಳಗಿನ ಆವಿ ಅವುಗಳ ಮೇಲೆ ಹನಿಗಟ್ಟುತ್ತದೆ. ಬಹುಕಾಲ ಬಾಳಬೇಕಾದರೆ ಜೆಎಸ್‌ಎನ್-ಎಸ್‌ಆರ್04ಟಿ ಎಂಬ ಮುಚ್ಚಿದ ಮುಖದ ಮಾಡ್ಯೂಲ್ ನೋಡಿ. ಎಚ್‌ಸಿ-ಎಸ್‌ಆರ್04ಕ್ಕೆ ಸುಮಾರು 2 ಸೆಂ.ಮೀ. ಇರುವ ಕುರುಡು ವಲಯ ಇದಕ್ಕೆ 20 ಸೆಂ.ಮೀ. ಮೀರುತ್ತದೆ. ಧ್ವನಿ ಹೊರಡಿಸುವುದೂ ಕೇಳಿಸಿಕೊಳ್ಳುವುದೂ ಒಂದೇ ತಟ್ಟೆ. ತನ್ನದೇ ಕಂಪನ ಅಡಗುವವರೆಗೆ ಅದಕ್ಕೆ ಬೇರೇನೂ ಕೇಳಿಸದು. ತುಂಬಿದ ತೊಟ್ಟಿಯ ನೀರಿಗೂ ಮುಚ್ಚಳಕ್ಕೂ ಅಷ್ಟು ಅಂತರ ಇರುತ್ತದೆಯೇ ಎಂದು ಮೊದಲೇ ಅಳೆದುಕೊಳ್ಳಿ.

ಗೇಟ್51

ನಾನು 8051 ಎಂಬ ಎಂಟು ಬಿಟ್ಟಿನ ಹಳೆಯ ಚಿಪ್ಪಿನ ಕಾಲದವನು. ಎಕೋ ಅಳೆಯುವ ಕೆಲಸಕ್ಕೆ ಆ ಚಿಪ್ಪಿನಲ್ಲಿದ್ದಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ಎಂಟು ಬಿಟ್ಟಿನ ಬೇರೆ ಕಡೆ ನಾನು ಕಂಡಿಲ್ಲ, ಆದ್ದರಿಂದ ಹೇಳದೆ ಇರಲಾರೆ.

ಟಿಮೋಡ್ ರಿಜಿಸ್ಟರಿನಲ್ಲಿ ಪ್ರತಿ ಟೈಮರಿಗೂ ಗೇಟ್ ಎಂಬ ಬಿಟ್ ಇದೆ. ಅದನ್ನು 1 ಮಾಡಿದರೆ, ಟೈಮರನ್ನು ಓಡಿಸುವ ಟಿಆರ್0 ಬಿಟ್ ಹಾಕಿದ್ದರೂ ಟೈಮರ್0 ಓಡುವುದಿಲ್ಲ. ಐಎನ್‌ಟಿ0 ಪಿನ್ ಮೇಲೇರಿರುವಷ್ಟು ಹೊತ್ತು ಮಾತ್ರ ಓಡುತ್ತದೆ. ಎಕೋ ತಂತಿಯನ್ನು ಆ ಪಿನ್ನಿಗೆ, ಅಂದರೆ ಪಿ3.2ಕ್ಕೆ ಕೊಡಿ. ಎಣಿಕೆಯ ಎರಡು ಬೈಟುಗಳಾದ ಟಿಎಚ್0, ಟಿಎಲ್0 ಎರಡನ್ನೂ ಸೊನ್ನೆ ಮಾಡಿ, ಎಕೋ ಕೆಳಗಿರುವಾಗಲೇ ಟಿಆರ್0 ಹಾಕಿ, ಆಮೇಲೆ ಸೆನ್ಸರಿಗೆ ಅಳತೆ ಶುರು ಮಾಡಲು ಹೇಳುವ ಟ್ರಿಗರ್ ಪಿನ್ನಿಗೆ 10 ಮೈಕ್ರೋಸೆಕೆಂಡಿನ ಪಲ್ಸ್ ಕೊಡಿ. ಎಕೋ ಏರಿದಾಗ ಎಣಿಕೆ ತಾನಾಗಿ ಶುರು, ಇಳಿದಾಗ ತಾನಾಗಿ ನಿಲುಗಡೆ. ಕಳೆಯುವ ಲೆಕ್ಕವೇ ಇಲ್ಲ. ಅದೇ ಪಿನ್ನಿನ ಇಳಿ ಅಂಚು ಐಎನ್‌ಟಿ0 ಇಂಟರಪ್ಟನ್ನು ಎಬ್ಬಿಸುತ್ತದೆ, ಅಲ್ಲಿ ನಿಂತಿರುವ ಸಂಖ್ಯೆಯನ್ನು ಓದಿಕೊಂಡರಾಯಿತು.

12 ಮೆಗಾಹರ್ಟ್ಸ್ ಸ್ಫಟಿಕ ಹಾಕಿದರೆ ಒಂದು ಎಣಿಕೆಗೆ ಸರಿಯಾಗಿ 1 ಮೈಕ್ರೋಸೆಕೆಂಡು. ಸೀರಿಯಲ್ ಸಂವಹನಕ್ಕೆಂದು 11.0592 ಹಾಕಿದ್ದರೆ 1.085. ಒಂದು ಸುತ್ತಿಗೆ 65.5 ಮಿಲಿಸೆಕೆಂಡು ಹಿಡಿಯುತ್ತದೆ, 38 ಮಿಲಿಸೆಕೆಂಡಿನ ಖಾಲಿ ಉತ್ತರ ಅದರೊಳಗೇ ನೆಮ್ಮದಿಯಾಗಿ ಕೂರುತ್ತದೆ. ತೊಟ್ಟಿಮಾಪಕರ ಭೂತ ಇಲ್ಲಿ ಹುಟ್ಟುವುದೇ ಇಲ್ಲ.

ಒಂದು ಎಚ್ಚರಿಕೆ ಎಲ್ಲ ಚಿಪ್ಪುಗಳಿಗೂ ಅನ್ವಯ. ಕಾಲವನ್ನು ಟ್ರಿಗರ್ ಕೊಟ್ಟ ಕ್ಷಣದಿಂದ ಅಳೆಯಬೇಡಿ, ಎಕೋ ಏರಿದ ಕ್ಷಣದಿಂದ ಅಳೆಯಿರಿ. ಸೆನ್ಸರ್ ಮೊದಲು 8 ಅಲೆಗಳನ್ನು ಹೊರಡಿಸಿ ಆಮೇಲೆ ಎಕೋ ಪಿನ್ನನ್ನು ಎತ್ತುತ್ತದೆ. ಆ 8 ಅಲೆಗಳಿಗೇ 200 ಮೈಕ್ರೋಸೆಕೆಂಡು ಬೇಕು, ದೂರದ ಲೆಕ್ಕದಲ್ಲಿ ಮೂರು ಸೆಂಟಿಮೀಟರಿಗೂ ಮಿಕ್ಕಿದ ತಪ್ಪು.

ಮೂವತ್ತೆರಡುಬಿಟ್

ಗದ್ದಲದ ಊಹೆ ಇಲ್ಲಿಗೆ ಹೊಂದಲಿಲ್ಲ, ಸರಿ. ಹಾಗಾದರೆ ಪರಿಹಾರ ಸುಲಭವಲ್ಲವೇ? ಟೈಮರ್1 ಸೊನ್ನೆಗೆ ಮರಳಿದಾಗಲೆಲ್ಲ ಬರುವ ಓವರ್‌ಫ್ಲೋ ಇಂಟರಪ್ಟ್ ಚಾಲೂ ಮಾಡಿ, ಸುತ್ತುಗಳನ್ನು ಎಣಿಸಿ, 32 ಬಿಟ್ಟಿನ ಕಾಲ ಮಾಡಿಕೊಳ್ಳಿ. 24 ಮಿಲಿಸೆಕೆಂಡಿಗಿಂತ ಹೆಚ್ಚು ಬಂದದ್ದನ್ನು ಎಸೆಯಿರಿ. ಅರ್ಧ ಮೈಕ್ರೋಸೆಕೆಂಡಿನ ಸೂಕ್ಷ್ಮತೆಯೂ ಉಳಿಯುತ್ತದೆ.

ಸ್ಫಟಿಕ16

ಆ ದಾರಿಯಲ್ಲಿ ಒಂದು ಗುಂಡಿ ಇದೆ. ಎಕೋ ಇಳಿಯುವುದೂ ಟೈಮರ್ ಸೊನ್ನೆಗೆ ಮರಳುವುದೂ ಹೆಚ್ಚುಕಡಿಮೆ ಒಟ್ಟಿಗೆ ನಡೆಯಿತು ಎಂದುಕೊಳ್ಳಿ. ಎರಡು ಫ್ಲ್ಯಾಗುಗಳೂ ಎದ್ದಿರುತ್ತವೆ. ಎಟಿಮೆಗಾ328ಪಿಯಲ್ಲಿ ಕ್ಯಾಪ್ಚರ್ ಇಂಟರಪ್ಟಿಗೆ ಓವರ್‌ಫ್ಲೋಗಿಂತ ಮೊದಲ ಸರದಿ. ಕ್ಯಾಪ್ಚರ್ ಒಳಗೆ ಹೋದಾಗ ಸುತ್ತಿನ ಸಂಖ್ಯೆ ಇನ್ನೂ ಏರಿರುವುದಿಲ್ಲ. ಐಸಿಆರ್1ರಲ್ಲಿರುವುದು ಸುತ್ತು ಮುಗಿದ ಮೇಲಿನ ಪುಟ್ಟ ಸಂಖ್ಯೆಯಾಗಿದ್ದರೆ ಇಡೀ 32.768 ಮಿಲಿಸೆಕೆಂಡು ಕಾಣೆಯಾಗುತ್ತದೆ. ಹಾಗಾಗಿ ಓವರ್‌ಫ್ಲೋ ಸೂಚಿಸುವ ಟಿಒವಿ1 ಫ್ಲ್ಯಾಗ್ ಎದ್ದಿದೆಯೇ, ಐಸಿಆರ್1 ಚಿಕ್ಕದೇ ಎಂದು ಎರಡನ್ನೂ ನೋಡಿ, ಹೌದಾದರೆ ಒಂದು ಸುತ್ತು ಕೂಡಿಸಬೇಕು. ಇದನ್ನು ಸರಿಯಾಗಿ ಬರೆಯಬಹುದು. ಆದರೆ ಅಪರೂಪಕ್ಕೊಮ್ಮೆ ಮಾತ್ರ ಹೊರಬರುವ ಇಂಥ ತಪ್ಪು ಉಳಿದುಬಿಟ್ಟರೆ ಹಿಡಿಯುವುದು ಬಲು ಕಷ್ಟ.

ನಾನು ಹೀಗೆ ಮಾಡುತ್ತೇನೆ. ಏರು ಅಂಚಿನ ಇಂಟರಪ್ಟಿನಲ್ಲಿ ಐಸಿಆರ್1ಕ್ಕೆ 50000 ಕೂಡಿಸಿ ಒಸಿಆರ್1ಎ ರಿಜಿಸ್ಟರಿಗೆ ಹಾಕುತ್ತೇನೆ, ಒಸಿಎಫ್1ಎ ಫ್ಲ್ಯಾಗ್ ಅಳಿಸಿ, ಟೈಮರ್ ಆ ಸಂಖ್ಯೆಯನ್ನು ಮುಟ್ಟಿದಾಗ ಬರುವ ಕಂಪೇರ್ ಇಂಟರಪ್ಟನ್ನು ಚಾಲೂ ಮಾಡುತ್ತೇನೆ. 50000 ಎಂದರೆ 25 ಮಿಲಿಸೆಕೆಂಡು, 4.3 ಮೀಟರ್. ಅದಕ್ಕೂ ಮೊದಲು ಇಳಿ ಅಂಚು ಬಂದರೆ ಕಂಪೇರನ್ನು ನಿಲ್ಲಿಸಿ ವ್ಯತ್ಯಾಸ ತೆಗೆದುಕೊಳ್ಳುತ್ತೇನೆ. ಕಂಪೇರೇ ಮೊದಲು ಬಂದರೆ "ಎಕೋ ಇಲ್ಲ" ಎಂದು ಗುರುತು ಹಾಕುತ್ತೇನೆ. ಆಮೇಲೆ ಬರುವ ಇಳಿ ಅಂಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೂಡಿಸುವಾಗ 65536 ದಾಟಿದರೂ ಚಿಂತೆಯಿಲ್ಲ, ಟೈಮರೂ ಅದೇ ಸುತ್ತಿನಲ್ಲಿ ತಿರುಗುತ್ತಿರುತ್ತದೆ.

ಎಕೋ ಇಲ್ಲ ಎನ್ನುವುದು ಸೊನ್ನೆ ದೂರವೂ ಅಲ್ಲ, ದೊಡ್ಡ ದೂರವೂ ಅಲ್ಲ. ಅದು ಬೇರೆಯದೇ ಉತ್ತರ, ಪ್ರೋಗ್ರಾಮಿನಲ್ಲಿ ಅದಕ್ಕೆ ಬೇರೆಯದೇ ಜಾಗ ಬೇಕು. ಪಂಪನ್ನು ನಿಲ್ಲಿಸುವ ನಿರ್ಧಾರ ಈ ಅಂಕಿಯ ಮೇಲೆ ನಿಂತಿರುವಾಗ ಇದು ಸಣ್ಣ ಮಾತಲ್ಲ. ಎಕೋ ಪಿನ್ ಇಳಿಯುವ ಮೊದಲು ಮತ್ತೊಂದು ಟ್ರಿಗರ್ ಕೊಡಬೇಡಿ, ಎರಡು ಟ್ರಿಗರುಗಳ ನಡುವೆ 60 ಮಿಲಿಸೆಕೆಂಡು ಬಿಡಿ.

ಹೊಸಚಿಗುರು

ನಾನೂ ಜೊತೆಜೊತೆಗೆ ಮಾಡಿ ನೋಡುತ್ತಿದ್ದೇನೆ. ಆದರೆ ನನ್ನ ಐಸಿಆರ್1 ಎಷ್ಟೇ ದೂರ ಇಟ್ಟರೂ 255 ದಾಟುವುದೇ ಇಲ್ಲ! 16 ಬಿಟ್ ಟೈಮರ್ ಅಲ್ಲವೇ ಅದು?

ಸ್ಫಟಿಕ16

ಟಿಸಿಸಿಆರ್1ಎ ರಿಜಿಸ್ಟರಿಗೆ ಸೊನ್ನೆ ಬರೆಯಿರಿ. ಆರ್ಡುಯಿನೋ ಶುರುವಾಗುವಾಗ 9, 10ನೇ ಪಿನ್ನುಗಳ ಪಿಡಬ್ಲ್ಯೂಎಂಗಾಗಿ (ಬೇಕಾದ ಅಗಲದ ಪಲ್ಸುಗಳನ್ನು ಹೊರಡಿಸಲು) ಟೈಮರ್1ನ್ನು 8 ಬಿಟ್ ವಿಧಾನದಲ್ಲಿ ಇಟ್ಟಿರುತ್ತದೆ. ಆಗ ಅದು 255ರವರೆಗೆ ಏರಿ ಮತ್ತೆ ಇಳಿಯುತ್ತದೆ. ಟೈಮರ್1ನ್ನು ನೀವು ತೆಗೆದುಕೊಂಡ ಮೇಲೆ ಆ ಎರಡು ಪಿನ್ನುಗಳ ಪಿಡಬ್ಲ್ಯೂಎಂ ಹೋಯಿತು, ಸರ್ವೋ ಲೈಬ್ರರಿಯೂ ಹೋಯಿತು, ಅದು ಬಳಸುವುದೂ ಇದೇ ಟೈಮರನ್ನು.

ಇಂಟರಪ್ಟಿನಿಂದ ಬಂದ ಎರಡು ಬೈಟಿನ ಸಂಖ್ಯೆಯನ್ನು ಮುಖ್ಯ ಲೂಪಿನಲ್ಲಿ ಓದುವಾಗ ಇಂಟರಪ್ಟುಗಳನ್ನು ಕ್ಷಣಕಾಲ ನಿಲ್ಲಿಸಿ ನಕಲು ಮಾಡಿಕೊಳ್ಳಿ. ಇದು 8 ಬಿಟ್ ಚಿಪ್ಪು. ಒಂದು ಬೈಟ್ ಹಳೆಯದು, ಒಂದು ಬೈಟ್ ಹೊಸದು ಸಿಕ್ಕರೆ ಅಂಕಿ ಎಲ್ಲಿಗೋ ಹೋಗುತ್ತದೆ.

ಅಲೆಯುದ್ದ

ಈಗ ಆ 4 ಮಿ.ಮೀ. ವಿಚಾರ. ನಿಂತ ನೀರಿನ ಎಣಿಕೆಗಳನ್ನು ಇನ್ನೊಮ್ಮೆ ನೋಡಿ: 16238, 16239, 16288, 16289. ಎರಡೇ ಗುಂಪು. ಗುಂಪಿನೊಳಗೆ ಒಂದು ಎಣಿಕೆಯ ಆಚೀಚೆ. ಗುಂಪುಗಳ ನಡುವೆ 50 ಎಣಿಕೆ, ಅಂದರೆ 25 ಮೈಕ್ರೋಸೆಕೆಂಡು. 40 ಕಿಲೋಹರ್ಟ್ಸಿನ ಒಂದು ಅಲೆಗೆ ಹಿಡಿಯುವ ಕಾಲ ಎಷ್ಟು? ಅದೇ 25 ಮೈಕ್ರೋಸೆಕೆಂಡು.

ಸೆನ್ಸರಿನೊಳಗೆ ನಡೆಯುವುದು ಹೀಗೆ. ಮರಳಿ ಬಂದ 8 ಅಲೆಗಳು ಕೇಳುವ ತಟ್ಟೆಯನ್ನು ಒಮ್ಮೆಲೇ ಪೂರ್ತಿ ಕುಣಿಸುವುದಿಲ್ಲ. ಮೊದಲ ಅಲೆಗೆ ಸಣ್ಣ ಕಂಪನ, ಎರಡನೆಯದಕ್ಕೆ ಇನ್ನಷ್ಟು, ಹೀಗೆ ಏರುತ್ತ ಹೋಗುತ್ತದೆ. ಒಂದು ಗೊತ್ತಾದ ಮಟ್ಟವನ್ನು ದಾಟಿದಾಗ ಕಂಪ್ಯಾರೇಟರ್ "ಬಂತು" ಎಂದು ಎಕೋ ಪಿನ್ನನ್ನು ಇಳಿಸುತ್ತದೆ. ಮೂರನೆಯ ಅಲೆಯ ನೆತ್ತಿ ಆ ಮಟ್ಟವನ್ನು ಕೂದಲೆಳೆಯಷ್ಟು ದಾಟಿದರೆ ಒಂದು ಉತ್ತರ, ಕೂದಲೆಳೆಯಷ್ಟು ತಪ್ಪಿದರೆ ನಾಲ್ಕನೆಯ ಅಲೆಯವರೆಗೆ ಕಾಯಬೇಕು. ನಡುವೆ ಮೂರನೆಯ ಉತ್ತರ ಇಲ್ಲ. 25 ಮೈಕ್ರೋಸೆಕೆಂಡನ್ನು ಹೋಗಿಬರುವ ದಾರಿಗೆ ಹಂಚಿದರೆ 4.3 ಮಿ.ಮೀ.

ಆದ್ದರಿಂದ ಪ್ರಿಸ್ಕೇಲರ್ 1 ಮಾಡಿ ಪ್ರಯೋಜನವಿಲ್ಲ. ಒಂದು ಎಣಿಕೆಗೆ 62.5 ನ್ಯಾನೋಸೆಕೆಂಡು ಸಿಗುತ್ತದೆ, ನಿಜ. ಆದರೆ ಟೈಮರ್ 4.096 ಮಿಲಿಸೆಕೆಂಡಿಗೇ ಸುತ್ತು ಮುಗಿಸುತ್ತದೆ, 70 ಸೆಂ.ಮೀ. ಆಚೆಗಿನ ಎಲ್ಲವೂ ಗೋಜಲು. ಆಗಲೂ ಗುಂಪುಗಳು ಎರಡೇ ಇರುತ್ತವೆ, ನಡುವಿನ 50ರ ಬದಲು 400 ಎಣಿಕೆಯ ಅಂತರ ಕಾಣುತ್ತದೆ ಅಷ್ಟೆ. ಟೈಮರ್ ಈಗಾಗಲೇ ಸೆನ್ಸರಿಗಿಂತ ಎಷ್ಟೋ ಪಟ್ಟು ಚೂಪಾಗಿದೆ. ಪ್ರಿಸ್ಕೇಲರ್ 64 ಇಟ್ಟು, 4 ಮೈಕ್ರೋಸೆಕೆಂಡಿಗೆ ಒಂದು ಎಣಿಕೆ ಎಂದರೂ ಮೆಟ್ಟಿಲು 0.7 ಮಿ.ಮೀ. ಮಾತ್ರ, ಸುತ್ತು 262 ಮಿಲಿಸೆಕೆಂಡಿಗೆ. ಕಂಪೇರಿನ ಏರ್ಪಾಡು ಬೇಡ ಎನ್ನುವವರಿಗೆ ಅದೇ ಸರಳ ದಾರಿ.

ಗೇಟ್51

ಅಲೆಯುದ್ದ ಅವರ ಮಾತಿಗೆ ಒಂದು ಪುರಾವೆಯನ್ನು ತೊಟ್ಟಿಮಾಪಕರು ಮೇಜಿನ ಮೇಲೆಯೇ ಪಡೆಯಬಹುದು. ಸೆನ್ಸರನ್ನು ಬಿಚ್ಚಿಡಿ. ಟೈಮರ್2ನ್ನು ಫಾಸ್ಟ್ ಪಿಡಬ್ಲ್ಯೂಎಂ ವಿಧಾನಕ್ಕೆ ಹಾಕಿ, ಪ್ರಿಸ್ಕೇಲರ್ 1024, ಪಲ್ಸಿನ ಅಗಲ ಹೇಳುವ ಒಸಿಆರ್2ಎಗೆ 124. 11ನೇ ಪಿನ್ನಿನಲ್ಲಿ 125 ಎಣಿಕೆ ಮೇಲೇರಿರುವ ಪಲ್ಸ್ ಸಿಗುತ್ತದೆ, ಒಂದೊಂದಕ್ಕೂ 64 ಮೈಕ್ರೋಸೆಕೆಂಡು, ಒಟ್ಟು 8 ಮಿಲಿಸೆಕೆಂಡು. ಒಂದು ತಂತಿಯಿಂದ 11ನ್ನು 8ಕ್ಕೆ ಜೋಡಿಸಿ. ನಿಮ್ಮ ಕ್ಯಾಪ್ಚರ್ 16000 ಎನ್ನಬೇಕು, ಪ್ರತಿ ಸಲವೂ 16000 ಎನ್ನಬೇಕು. 138 ಸೆಂ.ಮೀ. ದೂರದ ಎಕೋಗೆ ಅದು ಸಮ, ನಿಮ್ಮ ತೊಟ್ಟಿಯ ಅಳತೆಗೆ ಹತ್ತಿರವೇ ಇದೆ. ಅಲ್ಲಿ ಅಂಕಿ ಅಲುಗಾಡದಿದ್ದರೆ ಟೈಮರಿನ ಮೇಲೆ ಮತ್ತೆ ಅನುಮಾನ ಪಡಬೇಕಿಲ್ಲ.

ಈ ಪರೀಕ್ಷೆ ಹೇಳದ ಸಂಗತಿ ಒಂದಿದೆ. ಎರಡು ಟೈಮರುಗಳಿಗೂ ಗಡಿಯಾರ ಒಂದೇ ಆದ್ದರಿಂದ ಗಡಿಯಾರವೇ ನಿಧಾನವಾಗಿದ್ದರೆ ಎರಡೂ ಒಟ್ಟಿಗೆ ನಿಧಾನ, ತಪ್ಪು ಕಾಣಿಸದು. ಊನೋದ ಮುಖ್ಯ ಚಿಪ್ಪಿಗೆ ಇರುವುದು ಸೆರಾಮಿಕ್ ರೆಸೋನೇಟರ್, ಅದು ಶೇ 0.5ರಷ್ಟು ಆಚೀಚೆ ಇರಬಹುದು. 180 ಸೆಂ.ಮೀ.ಗೆ 9 ಮಿ.ಮೀ. ಆಯಿತು. ಬರಿಯ ಚಿಪ್ಪನ್ನು ಒಳಗಿನ ಆರ್‌ಸಿ ಗಡಿಯಾರದ ಮೇಲೆ ಓಡಿಸುವವರು ಇನ್ನೂ ಎಚ್ಚರವಾಗಿರಬೇಕು: ಕಾರ್ಖಾನೆಯಿಂದ ಬಂದಂತೆ ಅದರ ಮಿತಿ ಶೇ 10. ದೂರ ಅಳೆಯುವ ಕೆಲಸಕ್ಕೆ ಸ್ಫಟಿಕವನ್ನೇ ಹಾಕಿ.

ತೊಟ್ಟಿಮಾಪಕ

16000, ಒಂದು ಅಂಕಿಯೂ ಅಲುಗಾಡಲಿಲ್ಲ. ನೋಡಿ ಬಹಳ ಸಂತೋಷವಾಯಿತು. ಸೆನ್ಸರನ್ನು ಮರಳಿ ಜೋಡಿಸಿದ್ದೇನೆ, ಕಂಪೇರ್ ವಿಧಾನವನ್ನೂ ಬರೆದಿದ್ದೇನೆ. 90 ಮತ್ತೆ ಬಂದಿಲ್ಲ. ಪಂಪ್ ಓಡುವಾಗ ಅದರ ಜಾಗದಲ್ಲಿ "ಎಕೋ ಇಲ್ಲ" ಬರುತ್ತಿದೆ.

ಈಗ ಇನ್ನೊಂದು ಗಮನಕ್ಕೆ ಬಂದಿದೆ. ಮಟ್ಟ ಬದಲಾಗದಿದ್ದರೂ ಮಧ್ಯಾಹ್ನದ ಬಿಸಿಲಿಗೆ ನೀರು ಮೂರ್ನಾಲ್ಕು ಸೆಂಟಿಮೀಟರ್ ಮೇಲೇರಿದಂತೆ ಕಾಣುತ್ತದೆ, ರಾತ್ರಿ ಇಳಿಯುತ್ತದೆ. ಇದು ಶಬ್ದದ ವೇಗದ್ದೇ ಇರಬೇಕಲ್ಲವೇ?

ಅಲೆಯುದ್ದ

ಅದೇ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 331.3 ಮೀಟರ್, ಅದಕ್ಕೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 0.606 ಕೂಡಿಸಿ. ಎಲ್ಲರೂ ಕಣ್ಣು ಮುಚ್ಚಿ ಬಳಸುವ 58 ಎಂಬ ಭಾಜಕದ ಹಿಂದೆ 344.8 ಮೀಟರ್ ವೇಗವಿದೆ, ಅದು ಸುಮಾರು 22 ಡಿಗ್ರಿಯ ಗಾಳಿಗೆ ಸರಿ. ಬಿಸಿಲಿಗೆ ಮುಚ್ಚಳದ ಕೆಳಗಿನ ಗಾಳಿ 40 ಡಿಗ್ರಿಗೆ ಏರಿದರೆ ವೇಗ 355.5. ನಿಜವಾದ 140 ಸೆಂ.ಮೀ. ಆಗ 135.8 ಎಂದು ಕಾಣುತ್ತದೆ. ನೀರು ಏರಿದಂತೆ ತೋರುವುದು ಅದಕ್ಕೇ.

ಡಿಎಸ್18ಬಿ20ಯಂತಹ ಒಂದು ಉಷ್ಣತೆಯ ಸೆನ್ಸರನ್ನು ತೊಟ್ಟಿಯೊಳಗಿನ ಗಾಳಿಯಲ್ಲಿ ತೂಗಿಬಿಡಿ, ಪೆಟ್ಟಿಗೆಯೊಳಗೆ ಬೋರ್ಡಿನ ಪಕ್ಕದಲ್ಲಿ ಅಲ್ಲ. ಆದರೂ ಬಿಸಿಲು ಬಿದ್ದ ತೊಟ್ಟಿಯಲ್ಲಿ ಮುಚ್ಚಳದ ಹತ್ತಿರದ ಗಾಳಿ ಬಿಸಿ, ನೀರಿನ ಹತ್ತಿರದ್ದು ತಂಪು. ಒಂದೇ ಬಿಂದುವಿನ ಉಷ್ಣತೆ ಪೂರ್ತಿ ಸತ್ಯವನ್ನು ಹೇಳದು. ತೇವಾಂಶವೂ ವೇಗವನ್ನು ತುಸು ಏರಿಸುತ್ತದೆ. 30 ಡಿಗ್ರಿಯಲ್ಲಿ ತೀರಾ ಒಣ ಗಾಳಿಗೂ ತೀರಾ ತೇವದ ಗಾಳಿಗೂ ಇರುವ ವ್ಯತ್ಯಾಸ ಶೇ 1ಕ್ಕಿಂತ ಕಡಿಮೆ. ತೊಟ್ಟಿಯ ಕೆಲಸಕ್ಕೆ ಉಷ್ಣತೆಯ ತಿದ್ದುಪಡಿ ಸಾಕು.

ಮೂವತ್ತೆರಡುಬಿಟ್

ಎಸ್‌ಟಿಎಂ32 ಎಂಬ 32 ಬಿಟ್ಟಿನ ಚಿಪ್ಪುಗಳನ್ನು ಬಳಸುವವರಿಗಾಗಿ ಒಂದು ಟಿಪ್ಪಣಿ. ಅಲ್ಲಿ ಪಿಡಬ್ಲ್ಯೂಎಂ ಇನ್‌ಪುಟ್ ಎಂಬ ವಿಧಾನವಿದೆ. ಒಂದೇ ಪಿನ್ನನ್ನು ಎರಡು ಕ್ಯಾಪ್ಚರ್ ಚಾನೆಲ್ಲುಗಳಿಗೆ ಕೊಟ್ಟು, ಒಂದಕ್ಕೆ ಏರು ಅಂಚು, ಇನ್ನೊಂದಕ್ಕೆ ಇಳಿ ಅಂಚು ಎಂದು ಹೇಳಬಹುದು. ಏರು ಅಂಚು ಟೈಮರನ್ನೇ ಸೊನ್ನೆ ಮಾಡುತ್ತದೆ, ಇಳಿ ಅಂಚಿನಲ್ಲಿ ಸಿಸಿಆರ್2ಕ್ಕೆ ಬಂದ ಸಂಖ್ಯೆಯೇ ಎಕೋದ ಅಗಲ. ಗೇಟ್51 ಅವರು ಹೇಳಿದ ಏರ್ಪಾಡಿಗೆ ಇದು ಹತ್ತಿರ. ಅದೇ ಸಾಲಿನ ಎಫ್103ರಲ್ಲಿ 72 ಮೆಗಾಹರ್ಟ್ಸ್ ಗಡಿಯಾರಕ್ಕೆ ಪ್ರಿಸ್ಕೇಲರ್ ರಿಜಿಸ್ಟರಿನಲ್ಲಿ 71 ಬರೆದರೆ ಎಣಿಕೆಗೆ ಒಂದು ಮೈಕ್ರೋಸೆಕೆಂಡು, ಸುತ್ತು 65.5 ಮಿಲಿಸೆಕೆಂಡು.

ಪಿನ್ ಆರಿಸುವಾಗ ಜಾಗ್ರತೆ. ಎಚ್‌ಸಿ-ಎಸ್‌ಆರ್04ರ ಎಕೋ 5 ವೋಲ್ಟಿನದು. ಎಫ್103ರಲ್ಲಿ ಟೈಮರ್1ರ ಮೊದಲ ಚಾನೆಲ್ ಇರುವ ಪಿಎ8 ಅದನ್ನು ತಾಳಿಕೊಳ್ಳುತ್ತದೆ, ಟೈಮರ್2ರ ಪಿಎ0 ತಾಳುವುದಿಲ್ಲ. ಇಎಸ್‌ಪಿ32ರಲ್ಲಿ 5 ವೋಲ್ಟನ್ನು ಯಾವ ಪಿನ್ನಿಗೂ ನೇರವಾಗಿ ಕೊಡಬೇಡಿ. ಎಕೋ ಕಡೆ 1 ಕಿಲೋಓಮ್, ಗ್ರೌಂಡ್ ಕಡೆ 2 ಕಿಲೋಓಮ್ ಎಂದು ಎರಡು ರೆಸಿಸ್ಟರುಗಳನ್ನು ಸಾಲಾಗಿ ಹಾಕಿ ನಡುವಿನಿಂದ ತೆಗೆದರೆ 3.3 ವೋಲ್ಟ್ ಸಿಗುತ್ತದೆ.

ತೊಟ್ಟಿಮಾಪಕ

ಉಷ್ಣತೆಯ ತಿದ್ದುಪಡಿ ಸೇರಿಸಿದ ಮೇಲೆ ಹಗಲು ರಾತ್ರಿಯ ಏರಿಳಿತ ಒಂದು ಸೆಂಟಿಮೀಟರಿನೊಳಗೆ ಬಂದಿದೆ. ಐದು ಅಳತೆ ತೆಗೆದು ಅವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ಇಟ್ಟುಕೊಳ್ಳುತ್ತಿದ್ದೇನೆ. ಸರಾಸರಿ ಬೇಡ ಎನಿಸಿತು. ನಾಲ್ಕು ಸಲ 140, ಒಂದು ಸಲ 90 ಬಂದರೆ ಸರಾಸರಿ 130 ಆಗುತ್ತದೆ, ಆ ದೂರದಲ್ಲಿ ಏನೂ ಇಲ್ಲ. ನಡುವಿನ ಅಂಕಿ 140ರಲ್ಲೇ ನಿಲ್ಲುತ್ತದೆ. ಐದರಲ್ಲಿ ಮೂರು ಸಲ ಎಕೋ ಸಿಗದಿದ್ದರೆ ಹಳೆಯ ಅಳತೆಯನ್ನೇ ಉಳಿಸಿ ಪರದೆಯಲ್ಲಿ ಒಂದು ಗುರುತು ತೋರಿಸುತ್ತೇನೆ. ಹಾಗೆಯೇ ಮುಂದುವರಿದರೆ ಪಂಪ್ ನಿಲ್ಲುತ್ತದೆ.

ಹೊಸಚಿಗುರು

ನನ್ನದೂ ಓಡುತ್ತಿದೆ! ಉಷ್ಣತೆಯ ಸೂತ್ರ ಹಾಕಿದ ಮೇಲೆ ಮಾತ್ರ ದೂರ ಕೆಲವೊಮ್ಮೆ ಋಣಸಂಖ್ಯೆಯಾಗಿ ಬರುತ್ತಿದೆ. ಮೈಕ್ರೋಸೆಕೆಂಡನ್ನು ವೇಗದಿಂದ ಗುಣಿಸಿ 2000ದಿಂದ ಭಾಗಿಸುತ್ತಿದ್ದೇನೆ, ಮಿಲಿಮೀಟರ್ ಬರಬೇಕು. ಎರಡೂ ಇಂಟ್.

ಸ್ಫಟಿಕ16

ಸೂತ್ರ ಸರಿ ಇದೆ. ಎವಿಆರ್‌ನಲ್ಲಿ ಇಂಟ್ ಎಂದರೆ 16 ಬಿಟ್, 32767ರವರೆಗೆ ಮಾತ್ರ. 8700 ಮೈಕ್ರೋಸೆಕೆಂಡನ್ನು 343ರಿಂದ ಗುಣಿಸಿದರೆ 29,84,100. ಭಾಗಿಸುವ ಮೊದಲೇ ಅದು ತುಂಬಿ ಚೆಲ್ಲಿರುತ್ತದೆ. ಗುಣಿಸುವ ಮೊದಲು ಒಂದನ್ನು ಚಿಹ್ನೆಯಿಲ್ಲದ 32 ಬಿಟ್ಟಿಗೆ ಬದಲಿಸಿ, 1492 ಮಿ.ಮೀ. ಸರಿಯಾಗಿ ಬರುತ್ತದೆ. ಗುಣಾಕಾರದ ಉತ್ತರವನ್ನು 32 ಬಿಟ್ಟಿನ ಜಾಗದಲ್ಲಿ ಇಟ್ಟುಕೊಂಡರೆ ಸಾಲದು, ಗುಣಿಸುವ ಸಂಖ್ಯೆಯೇ 32 ಬಿಟ್ ಆಗಿರಬೇಕು.